ಗಡಿ ಬಸ್ಸಲ್ಲಿ ಬಿಟ್ಟ ಗಂಜಿ

"ಕಾಕ್, ಈ ಬಸ್ಸು ಜೋಹೋರ್‌ಗೆ ಹೋಗುತ್ತಾ?"

ಒಂದೇ ಪ್ರಶ್ನೆಯಲ್ಲಿ ಎರಡು ಅವಮಾನ. ಬಸ್ಸಿನ ಹಣೆ ಮೇಲೆ 'ಜೋಹೋರ್ ಬಾರು' ಅಂತ ಸಮುದ್ರದ ಆಚೆ ದಡಕ್ಕೂ ಕಾಣುವ ಹಾಗೆ ದೀಪ ಉರಿಯುತ್ತಿತ್ತು, ಅದು ಮೊದಲನೆಯದು. ಎರಡನೆಯದು ಆ 'ಕಾಕ್'. ಅಕ್ಕ ಅಂತೆ! ರೊಹಾಯುಗೆ ಇನ್ನೂ ಇಪ್ಪತ್ತೊಂಬತ್ತು. ಕೇಳಿದವನ ಕಿವಿ ಪಕ್ಕದಲ್ಲಿ ಆಗಲೇ ಬಿಳಿ ಕೂದಲು ಇಣುಕುತ್ತಿತ್ತು.

"ಇಲ್ಲ, ಚಂದ್ರಲೋಕಕ್ಕೆ ಹೋಗುತ್ತೆ. ಹತ್ತಿ ತಾತ, ಬಾಗಿಲು ಹಾಕ್ಬೇಕು."

ಹಿಂದೆ ಕ್ಯೂನಲ್ಲಿದ್ದವರು ಕಿಸಕ್ಕೆಂದರು. ಅವನೂ ನಕ್ಕ. ಬೈಸಿಕೊಂಡವನು ನಗಬಾರದು, ಬಾಲ ಮುದುರಿಕೊಂಡು ಹಿಂದಿನ ಸೀಟಿಗೆ ಹೋಗಬೇಕು. ಈತ ಕಾರ್ಡ್ ಒತ್ತಿ, ಕಂಕುಳಲ್ಲಿದ್ದ ಬಿಳಿ ಹೆಲ್ಮೆಟ್ಟನ್ನು ಎದೆಗೆ ಅವುಚಿಕೊಂಡು, ಡ್ರೈವರ್ ಪಕ್ಕದ ಹಳದಿ ಗೆರೆಯ ಹಿಂದೆಯೇ ನಿಂತುಬಿಟ್ಟ. ಹೆಲ್ಮೆಟ್ ಮೇಲೆ, ಗಡಿ ದಾಟಲು ಕಟ್ಟುತ್ತಿದ್ದ ಹೊಸ ರೈಲಿನ ಗುರುತು.

ಅಲ್ಲಿಗೆ ಮೂರನೇ ಅವಮಾನವೂ ಆಯಿತು.

ರೊಹಾಯುಗೆ ಪ್ರಪಂಚದಲ್ಲಿ ಬಹಳಷ್ಟು ಸಂಗತಿಗಳ ಮೇಲೆ ತಿರಸ್ಕಾರವಿತ್ತು. ಬಸ್ ನಿಂತ ಮೇಲೆ ಕಾರ್ಡ್ ಹುಡುಕುವವರು, ಮೂರು ಮೂಟೆ ಡೈಪರ್ ಹೊತ್ತು 'ಚಿಕ್ಕ ಲಗೇಜು' ಅನ್ನುವವರು, ಮುಂದಿನ ಬಾಗಿಲಲ್ಲೇ ಇಳಿಯಲು ಹಟ ಹಿಡಿಯುವವರು. ಆದರೆ ಎಲ್ಲಕ್ಕಿಂತ ಮೇಲೆ ಇದ್ದದ್ದು ಈ ರೈಲು. ಅವಳು ಹುಟ್ಟಿದಾಗಿನಿಂದ ವುಡ್‌ಲ್ಯಾಂಡ್ಸ್ ಅನ್ನೋ ಊರು ಏನೋ ಒಂದು 'ಆಗುತ್ತಲೇ' ಇತ್ತು. ಸಿಂಗಾಪುರದ ಉತ್ತರದ ತುದಿ, ಎದುರಿಗೆ ಒಂದು ಪಟ್ಟಿ ನೀರು, ಆಚೆ ಮಲೇಷ್ಯಾ. ಇಷ್ಟೇ ಇದ್ದದ್ದು. ಇದನ್ನು ಯಾರೋ ಎಸಿ ರೂಮಿನಲ್ಲಿ ಕೂತು 'ಉತ್ತರದ ಹೊಸ ಹೃದಯ' ಅಂತ ಬರೆದರು. ಆಮೇಲೆ ಬೇಲಿ ಹಾಕಿದರು. ಬೇಲಿಯ ಮೇಲೆ ಚಿತ್ರ ಅಂಟಿಸಿದರು. ಗಾಜಿನ ಕಟ್ಟಡ, ಮಹಡಿಯ ಮೇಲೆ ಮರ, ಕೈಯಲ್ಲಿ ಕಾಫಿ ಹಿಡಿದು ಹಲ್ಲು ಕಿರಿಯುತ್ತಾ ನಡೆಯುವ ಜನ. ಚಿತ್ರದಲ್ಲಿ ಒಬ್ಬರಿಗೂ ಬೆವರಿಲ್ಲ. ಒಬ್ಬರೂ ಬಸ್ಸಿಗೆ ಓಡುತ್ತಿಲ್ಲ. ಇಡೀ ಹೃದಯದಲ್ಲಿ ಒಂದೇ ಒಂದು ಬಸ್ಸಿಲ್ಲ!

"ಇನ್ನು ಸ್ವಲ್ಪ ದಿನ, ಕ್ಯಾಪ್ಟನ್," ಹೆಲ್ಮೆಟ್ಟಿನವನು ಹೇಳಿದ. ಸಿಂಗಾಪುರದಲ್ಲಿ ಬಸ್ ಓಡಿಸುವವರನ್ನು ಕ್ಯಾಪ್ಟನ್ ಅಂತಲೇ ಕರೆಯುತ್ತಾರೆ. ಆದರೆ ಯಾರೂ ಹೀಗೆ ಬೆಲ್ಲ ಸವರಿ ಕರೆಯುವುದಿಲ್ಲ. "ನಮ್ಮ ರೈಲು ಶುರುವಾದರೆ ಐದು ನಿಮಿಷ. ಈ ಕಡೆಯಿಂದ ಆ ಕಡೆಗೆ. ನಿಮಗೂ ಈ ಜಾಮ್ ತಾಪತ್ರಯ ಇರಲ್ಲ."

"ಹಳದಿ ಗೆರೆ ಮೇಲೆ ಏನು ಬರೆದಿದೆ ಓದಿ."

"ಚಾಲಕರ ಜೊತೆ ಮಾತಾಡಬೇಡಿ."

"ಓದೋಕೆ ಬರುತ್ತಲ್ಲ. ಹಾಗಿದ್ರೆ ಬಸ್ ಬೋರ್ಡ್ ಯಾಕೆ ಓದ್ಲಿಲ್ಲ?"

"ಓದಿದ್ದೆ," ಅವನು ಕಿಟಕಿಯಾಚೆ ನೋಡುತ್ತಾ ಹೇಳಿದ. "ಒಂದು ತಿಂಗಳಿಂದ ನಿಮ್ಮ ಬಸ್ಸಲ್ಲೇ ಬರ್ತಿದ್ದೀನಿ. ಮಾತು ಎಲ್ಲಿಂದ ಶುರು ಮಾಡೋದು ಗೊತ್ತಾಗ್ಲಿಲ್ಲ."

ರೊಹಾಯು ಗೇರ್ ಹಾಕಿದಳು. ಬಸ್ಸು ಅಗತ್ಯಕ್ಕಿಂತ ಸ್ವಲ್ಪ ಜೋರಾಗಿಯೇ ಮುಂದಕ್ಕೆ ಜಿಗಿಯಿತು. ಹೆಲ್ಮೆಟ್ಟಿನವನು ಕಂಬ ಹಿಡಿದುಕೊಂಡ. ಕನ್ನಡಿಯಲ್ಲಿ ಅವನ ಮುಖ ಕಂಡಿತು. ಇನ್ನೂ ನಗುತ್ತಿದ್ದ, ದರಿದ್ರದವನು.

*

ಹೆಸರು ಬದ್ರುಲ್. ಜೋಹೋರ್‌ನಲ್ಲಿ ಅಮ್ಮನ ಜೊತೆ ಮನೆ, ವುಡ್‌ಲ್ಯಾಂಡ್ಸ್‌ನ ಹೊಸ ನಿಲ್ದಾಣದಲ್ಲಿ ಸಿಗ್ನಲ್ ಕೆಲಸ. ಇದನ್ನೆಲ್ಲ ರೊಹಾಯು ಕೇಳಿರಲಿಲ್ಲ, ಅವನೇ ಹೇಳಿದ. ಅವಳು ಕೇಳಿಸಿಕೊಂಡೂ ಇರಲಿಲ್ಲ. ಆದರೂ ಹೇಗೋ ಎಲ್ಲ ನೆನಪಿತ್ತು.

ಗಡಿ ಬಸ್ಸಿನದು ಒಂದು ವಿಚಿತ್ರ ಪದ್ಧತಿ. ಇಂಟರ್‌ಚೇಂಜಲ್ಲಿ, ಅಂದರೆ ಊರಿನ ಬಸ್ ನಿಲ್ದಾಣದಲ್ಲಿ, ಹತ್ತಿದವರು ಚೆಕ್‌ಪಾಯಿಂಟಲ್ಲಿ ಇಳಿಯಲೇಬೇಕು, ಗಂಟುಮೂಟೆ ಸಮೇತ. ಒಳಗೆ ಹೋಗಿ ಪಾಸ್‌ಪೋರ್ಟ್ ತೋರಿಸಿ, ಆ ಕಡೆಯಿಂದ ಹೊರಬಂದು, ಅದೇ ನಂಬರಿನ ಯಾವ ಬಸ್ಸು ಸಿಕ್ಕರೆ ಅದನ್ನು ಹತ್ತಿ ಸೇತುವೆ ದಾಟಬೇಕು. ಇಳಿದ ಬಸ್ಸು ಯಾರಿಗೂ ಕಾಯುವುದಿಲ್ಲ. ಮದುಮಗ ಇರಲಿ, ಮಂತ್ರಿ ಇರಲಿ, ನಿನ್ನ ಬಸ್ಸು ಹೋಯಿತು ಅಂದರೆ ಹೋಯಿತು.

ಬದ್ರುಲ್ ಮಾತ್ರ ಇಳಿದ ಬಸ್ಸಿಗೇ ಮತ್ತೆ ಹತ್ತಲು ನೋಡುತ್ತಿದ್ದ. ಸಾವಿರಾರು ಜನರ ಸಾಲಿನಲ್ಲಿ ನುಸುಳಿ, ಎಸ್ಕಲೇಟರ್ ಮೆಟ್ಟಿಲು ಎರಡೆರಡು ಹಾರಿ, ಹೆಲ್ಮೆಟ್ ತಲೆ ಮೇಲಿಟ್ಟುಕೊಂಡು ಓಡಿ ಬರುವುದು ರೊಹಾಯುಗೆ ಕನ್ನಡಿಯಲ್ಲಿ ಕಾಣುತ್ತಿತ್ತು. ಆಗ ಅವಳು ಏನು ಮಾಡುತ್ತಿದ್ದಳು? ಬಾಗಿಲು ಮುಚ್ಚುತ್ತಿದ್ದಳು. ಅವನ ಮೂಗಿನ ತುದಿಗೆ ಸರಿಯಾಗಿ, ಪುಸ್ಸ್ ಅಂತ.

ಮರುದಿನ ಬಂದು ಹೇಳುತ್ತಿದ್ದ. "ನಿನ್ನೆ ಮೂಗು ಉಳೀತು, ಕ್ಯಾಪ್ಟನ್. ದೊಡ್ಡ ಮನಸ್ಸು ನಿಮ್ದು."

"ಉಳಿದಿದ್ದಕ್ಕೆ ಬೇಜಾರಾಗಿದೆ."

"ನನ್ನ ಕಂಡರೆ ಯಾಕಿಷ್ಟು ಕೋಪ?"

"ಕೋಪ ಮಾಡ್ಕೊಳ್ಳೋಕೆ ಯೋಗ್ಯತೆ ಬೇಕ್ರೀ. ನಿಮ್ಮನ್ನ ಕಂಡರೆ ನಂಗೆ ಆಕಳಿಕೆ ಬರುತ್ತೆ."

"ಹಾಗಾದ್ರೆ ರಾತ್ರಿ ಒಳ್ಳೆ ನಿದ್ದೆ ಬರುತ್ತೆ ಬಿಡಿ, ನನ್ನ ನೆನಸ್ಕೊಂಡ್ರೆ."

ಅವಳು ಮುಖ ಸಿಂಡರಿಸಿ ರಸ್ತೆ ನೋಡಿದಳು. ಕೆನ್ನೆ ಬಿಸಿಯಾಗಿತ್ತು. ಎಸಿ ಕೆಟ್ಟಿದೆ, ಡಿಪೋಗೆ ಹೇಳಬೇಕು ಅಂದುಕೊಂಡಳು.

ಜೊತೆಗೆ ಬಸ್ ಓಡಿಸುವ ಸಲ್ಮಿಯಾ, ಐವತ್ತು ದಾಟಿದ ಗಟ್ಟಿ ಹೆಂಗಸು, ಡ್ರೈವರುಗಳ ರೂಮಲ್ಲಿ ಕಾಲು ಚಾಚಿ ಕೂತು ಎಲ್ಲ ಗಮನಿಸಿದ್ದಳು. "ರೊಹಾಯು, ನಿನ್ನ ಹೆಲ್ಮೆಟ್ಟು ಇವತ್ತು ಮೂರು ಬಸ್ ಬಿಟ್ಟು ನಿನ್ನ ಬಸ್ಸಿಗೆ ಕಾದ ಕಣೇ. ನಾನು ಕರೆದೆ, ಬಾರೋ ಖಾಲಿ ಇದೆ ಅಂತ. ಮೊಬೈಲ್ ನೋಡೋ ಹಾಗೆ ನಾಟಕ ಆಡ್ದ."

"ನನ್ನ ಹೆಲ್ಮೆಟ್ಟಲ್ಲ ಕಾಕ್ ಅದು. ಆ ರೈಲಿನವರೆಲ್ಲ ಹಂಗೇನೇ. ಜನರನ್ನ ಪಾರ್ಸಲ್ ತರ ಡಬ್ಬಿಗೆ ತುಂಬಿ ಆಚೆ ಎಸೆಯೋಕೆ ನೋಡ್ತಾರೆ. ಅಂಥೋರಿಗೆ ಬಸ್ಸಲ್ಲಿ ಏನು ಕೆಲಸ?"

"ಅದೇ ನಾನೂ ಕೇಳ್ತಿರೋದು. ಏನು ಕೆಲಸ?"

ರೊಹಾಯು ಟೀ ಕಪ್ ತೊಳೆಯಲು ಎದ್ದು ಹೋದಳು. ಕಪ್ಪು ಮೊದಲೇ ತೊಳೆದಿತ್ತು.

*

ರಂಜಾನ್ ಬಂತು.

ರಂಜಾನ್ ಸಂಜೆ ಸೇತುವೆ ಮೇಲೆ ಬಸ್ ಓಡಿಸುವುದು ಅಂದರೆ ಯಾವ ಶತ್ರುವಿಗೂ ಬೇಡ. ಎಲ್ಲರಿಗೂ ಉಪವಾಸ ಬಿಡುವ ಹೊತ್ತಿಗೆ ಮನೆ ಸೇರಬೇಕು, ಆದ್ದರಿಂದ ಯಾರೂ ಸೇರುವುದಿಲ್ಲ. ಆ ದಿನವೂ ಬಸ್ಸು ಸೇತುವೆ ಮಧ್ಯೆ ಆಮೆಯಾಗಿತ್ತು. ಎರಡೂ ಕಡೆ ಬೈಕುಗಳ ಹೊಗೆ. ಕೆಳಗೆ ನೀರಿಗೆ ಸಂಜೆಯ ಕಿತ್ತಳೆ ಬಣ್ಣ ಬಿದ್ದು, ಬೇರೆ ಯಾವ ಊರಲ್ಲಾದರೂ ಆಗಿದ್ದರೆ ಚೆಂದ ಕಾಣುತ್ತಿತ್ತು. ಯಾರದೋ ಫೋನಿನಲ್ಲಿ ಅಜಾನ್ ಕೇಳಿತು. ಬಸ್ಸಿನೊಳಗೆ ಚೀಲಗಳು ಸರಸರ ಬಿಚ್ಚಿಕೊಂಡವು.

ಅವತ್ತು ಬದ್ರುಲ್ ಓಟ ಗೆದ್ದಿದ್ದ, ಬಸ್ಸಿನೊಳಗೇ ಇದ್ದ. ರೊಹಾಯು ಬಾಟಲಿ ಎತ್ತಿ ಮೂರು ಗುಟುಕು ನೀರು ಕುಡಿದು ಮತ್ತೆ ಸ್ಟೀರಿಂಗ್ ಹಿಡಿದದ್ದನ್ನು ಅವನು ನೋಡಿದ.

"ಅಷ್ಟೇನಾ?"

"ಮತ್ತಿನ್ನೇನು, ಇಲ್ಲಿ ಬಿರಿಯಾನಿ ಮಾಡ್ಲಾ?"

"ಇಂಟರ್‌ಚೇಂಜಲ್ಲಿ ಅಂಗಡಿ ಸಾಲೇ ಇದೆಯಲ್ಲ. ಗಂಜಿ, ತಿಂಡಿ..."

"ಅದಕ್ಕೆ ಗಂಜಿ ಅಂತೀರಾ?" ಅವಳಿಗೆ ತಡೆಯಲಾಗಲಿಲ್ಲ. ಗೆರೆಯ ಮೇಲಿನ ನಿಯಮ ಅವಳೇ ಮರೆತಳು. "ಹೊಸ ಮಾಲ್, ಹೊಸ ಲೈಟು, ಹುಡುಗಿ ತಲೆ ಮೇಲೆ ಟೋಪಿ. ಡಬ್ಬಿ ತೆಗೆದು ನೋಡಿದ್ರೆ ಬಿಳಿ ನೀರು. ನಮ್ಮಜ್ಜಿ ಮಾಡ್ತಿದ್ರು ಬುಬುರ್ ಲಂಬುಕ್. ಒಣ ಸೀಗಡಿ ಹುರಿದು ಹಾಕಿ, ಮೆಣಸು, ಶುಂಠಿ, ತೆಂಗಿನ ಹಾಲು. ಬೀದಿ ತುಂಬ ಘಮ್ ಅನ್ನೋದು. ಅಜ್ಜಿ ಹೋದ್ರು, ಗಂಜೀನೂ ಹೋಯ್ತು. ಈ ಊರಲ್ಲಿ ಈಗ ಗಾಜು ಒಂದೇ ಫಸ್ಟ್ ಕ್ಲಾಸು."

ಹೇಳಿ ಮುಗಿಸಿ ತುಟಿ ಕಚ್ಚಿದಳು. ಇವನ ಹತ್ತಿರ ಇದನ್ನೆಲ್ಲ ಯಾಕೆ ಹೇಳಿದೆ?

ಬದ್ರುಲ್ ಮೊದಲ ಸಲ ತಮಾಷೆ ಮಾಡಲಿಲ್ಲ. ಸುಮ್ಮನೆ ಅವಳ ಕೈ ನೋಡುತ್ತಿದ್ದ. ಉಪವಾಸಕ್ಕೆ ಬೆರಳುಗಳು ಸ್ವಲ್ಪ ನಡುಗುತ್ತಿದ್ದವು. ಅವಳು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ನಡುಕ ಬಚ್ಚಿಟ್ಟಳು.

*

ಮರುದಿನ ಸಂಜೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೆಕ್‌ಪಾಯಿಂಟಲ್ಲಿ ನಿಲ್ಲಿಸಿದಾಗ ಒಬ್ಬ ಮುದುಕ ಫ್ರಿಜ್ಜಿನಷ್ಟು ದೊಡ್ಡ ಸೂಟ್‌ಕೇಸನ್ನು ಮುಂದಿನ ಬಾಗಿಲಿಗೆ ಸಿಕ್ಕಿಸಿ ನಿಂತ. ಹಿಂದಿನಿಂದ ಜನ ಕೂಗಿದರು. ರೊಹಾಯು ಎದ್ದು ನಿಂತು, ಚಿಕ್ಕಪ್ಪಾ ಅಂತ ಕರೆದೇ ಬೈಯತೊಡಗಿದಳು.

"ಪಾಕ್ಚಿಕ್, ಹಿಂದಿನ ಬಾಗಿಲು ಅಂತ ಒಂದಿದೆ! ನಾವು ಸುಮ್ನೆ ಶೋಕಿಗೆ ಇಟ್ಟಿರೋದಲ್ಲ!"

ಆ ಗದ್ದಲದಲ್ಲಿ ಬದ್ರುಲ್ ಇಳಿಯುತ್ತಾ ಅವಳ ಕಡೆ ಬಾಗಿದ. "ಕ್ಯಾಪ್ಟನ್, ಹಿಂದಿನ ಸೀಟಲ್ಲಿ ಇಟ್ಟಿದ್ದೀನಿ, ನೋಡ್ಕೊಳ್ಳಿ. ನಿಮಗೇ."

"ಆಯ್ತು ಆಯ್ತು, ಇಳೀರಿ ಮೊದ್ಲು! ನಿಮ್ಮ ಪುರಾಣ ನಾಳೆ ಕೇಳ್ತೀನಿ!"

ನೊಣ ಓಡಿಸುವ ಹಾಗೆ ಕೈ ಬೀಸಿದಳು. ಅವನು ನಕ್ಕು ಇಳಿದ.

ಬಸ್ಸು ಖಾಲಿಯಾಯಿತು. ನಿಯಮದ ಪ್ರಕಾರ ರೊಹಾಯು ಸೀಟುಗಳ ಮೇಲೆ ಕಣ್ಣಾಡಿಸಿದಳು. ಅವಳ ಬೆನ್ನ ಹಿಂದಿನ ಮೊದಲನೇ ಸೀಟಿನಲ್ಲೇ ಒಂದು ಬಟ್ಟೆ ಚೀಲ ಕೂತಿತ್ತು. ಚೀಲದ ಬಾಯಿಂದ ಉದ್ದನೆಯ ಸ್ಟೀಲ್ ಕೊಳವೆಯಂಥದ್ದು ಹೊರಗೆ ಇಣುಕಿತ್ತು. ಕೊಳವೆಯ ಕತ್ತಿಗೆ ಕರೆಂಟಿನವರು ಬಳಸುವ ಕಪ್ಪು ಟೇಪು, ಸುತ್ತು ಸುತ್ತಾಗಿ, ಅಚ್ಚುಕಟ್ಟಾಗಿ.

ತರಬೇತಿಯಲ್ಲಿ ತೋರಿಸಿದ ಬಾಂಬಿನ ಫೋಟೋ ಕೂಡ ಹೀಗೇ ಇತ್ತು. ಮುಟ್ಟಬೇಡಿ. ಇಳಿಯಿರಿ. ತಿಳಿಸಿ.

ಇಳಿದಳು. ತಿಳಿಸಿದಳು.

ಆಮೇಲೆ ಆದದ್ದನ್ನು ವುಡ್‌ಲ್ಯಾಂಡ್ಸ್‌ನ ಜನ ಇವತ್ತಿಗೂ ಹಲ್ಲು ಕಡಿಯುತ್ತಲೇ ಹೇಳುತ್ತಾರೆ. ಬಸ್ ನಿಲ್ಲುವ ಜಾಗವಿಡೀ ಖಾಲಿ ಮಾಡಿಸಿದರು. ಎಸ್ಕಲೇಟರ್ ನಿಂತವು. ಉಪವಾಸ ಬಿಡಲು ಓಡುತ್ತಿದ್ದ ಅಷ್ಟೂ ಜನ ಇದ್ದಲ್ಲೇ ನಿಂತರು. ಅಜಾನ್ ಆಯಿತು. ಯಾರೋ ಖರ್ಜೂರದ ಡಬ್ಬಿ ಕೈಯಿಂದ ಕೈಗೆ ದಾಟಿಸಿದರು, ಯಾರೋ ಅರ್ಧ ಬಾಟಲಿ ನೀರನ್ನು ಎಂಟು ಜನಕ್ಕೆ ಹಂಚಿದರು. ಆ ಗುಂಪಿನಲ್ಲಿ ಯೂನಿಫಾರ್ಮ್ ಹಾಕಿಕೊಂಡು ನಿಂತ ರೊಹಾಯು ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದಳು.

"ಯಾವ ಪೆದ್ದನೋ! ಎಲ್ಲ ಸಾಮಾನು ತಗೊಂಡು ಇಳೀರಿ ಅಂತ ಮೂರು ಭಾಷೆಲಿ ಹೇಳ್ತೀವಿ! ತಲೆ ಮನೇಲಿಟ್ಟು ಬರ್ತಾರೆ!"

ಆಗ ಗಾಜಿನ ಆಚೆ, ಪಾಸ್‌ಪೋರ್ಟ್ ದಾಟಿ ಹೋಗಿದ್ದವರ ಕಡೆಯಿಂದ, ಒಬ್ಬ ಮನುಷ್ಯ ಉಲ್ಟಾ ಓಡಿ ಬಂದ. ಎಲ್ಲರೂ ಆಚೆ ಹೋಗಲು ಸಾಯುತ್ತಿದ್ದಾಗ ಈಚೆಗೆ ಓಡಿ ಬರುವ ಒಬ್ಬನೇ ಒಬ್ಬ. ಕಂಕುಳಲ್ಲಿ ಬಿಳಿ ಹೆಲ್ಮೆಟ್. ಎರಡೂ ಕೈ ಮೇಲೆತ್ತಿ ಅಧಿಕಾರಿಗಳ ಮುಂದೆ ನಿಂತ.

"ಅದು ನಂದು ಸರ್! ಫ್ಲಾಸ್ಕು. ಗಂಜಿ ಇದೆ ಅಷ್ಟೇ. ಚೆಲ್ಲಬಾರದು ಅಂತ ಟೇಪ್ ಸುತ್ತಿದ್ದೆ!"

ಗುಂಪಿನಲ್ಲಿ ಬೈಗುಳ ಎಲ್ಲ ಭಾಷೆಯಲ್ಲೂ ಒಟ್ಟಿಗೆ ಶುರುವಾಯಿತು.

ರೊಹಾಯುಗೆ ಈಗ ನೆನಪಾಯಿತು. ಗಂಜಿ. ಹಿಂದಿನ ಸೀಟಲ್ಲಿ ಇಟ್ಟಿದ್ದೀನಿ. ನಿಮಗೇ.

"ಬಸ್ಸಲ್ಲಿ ಯಾಕೆ ಬಿಟ್ರಿ?" ಅಧಿಕಾರಿ ಕೇಳಿದರು.

ಬದ್ರುಲ್ ಕಣ್ಣು ಗುಂಪಿನ ಮೇಲೆ ಹರಿಯಿತು, ಅವಳ ಮುಖದ ಮೇಲೆ ಬಂತು, ಕಂಬ ಕಂಡ ಹಾಗೆ ಸರಿದು ಹೋಯಿತು.

"ಮರೆತುಬಿಟ್ಟೆ ಸರ್," ಅಂದ.

*

ಅವನು ಯಾಕೆ ಹಾಗಂದ ಅನ್ನುವುದು ಅರ್ಥವಾಗಲು ಅವಳಿಗೆ ಹೆಚ್ಚು ಹೊತ್ತು ಬೇಕಿರಲಿಲ್ಲ. ಪ್ರಯಾಣಿಕರಿಂದ ಡ್ರೈವರುಗಳು ಏನನ್ನೂ ತೆಗೆದುಕೊಳ್ಳಬಾರದು ಅನ್ನುವುದು ಕಂಪನಿಯ ನಿಯಮ. ಒಬ್ಬಳ ಸೀರೆಯಷ್ಟುದ್ದದ ಶಾಲು ಬಾಗಿಲಿಗೆ ಸಿಕ್ಕಿಸಿದ್ದಕ್ಕೆ ರೊಹಾಯುಗೆ ಆಗಲೇ ಒಂದು ಎಚ್ಚರಿಕೆ ಸಿಕ್ಕಿತ್ತು. ಅದನ್ನು ಅವಳೇ ಅವನಿಗೆ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಇನ್ನೊಂದಾದರೆ ಗಡಿ ರೂಟು ಕಿತ್ತುಕೊಳ್ಳುತ್ತಾರೆ.

ಆದರೂ ಆ ಸಂಜೆಯೇ ಸೂಪರ್‌ವೈಸರ್ ಗುಣಶೇಖರನ್ ಕೇಳಿದಾಗ ನಿಜ ಹೇಳಲು ಅವಳ ನಾಲಿಗೆ ಹೊರಳಲಿಲ್ಲ.

"ಏನಮ್ಮಾ ರೊಹಾಯು, ಆ ಆಸಾಮಿ ಇಳಿಯೋವಾಗ ನಿಂಗೇನಾದ್ರೂ ಹೇಳಿದ್ನಾ?"

ರೂಮಿನಲ್ಲಿ ಎಲ್ಲರೂ ಇದ್ದರು. ಸಲ್ಮಿಯಾ ಹುಬ್ಬೆತ್ತಿ ಕಾಯುತ್ತಿದ್ದಳು. ಹೌದು ಅಂದರೆ ನಾಳೆಯಿಂದ ಇಡೀ ಇಂಟರ್‌ಚೇಂಜು ಹಾಡು ಕಟ್ಟಿ ಹಾಡುತ್ತದೆ. ಎಲ್ಲರನ್ನೂ ಮೂಗಿನ ತುದಿಯಿಂದ ನೋಡುವ ರೊಹಾಯುಗೆ ರೈಲಿನವನ ಕೈಯ ಗಂಜಿ!

"ಇಲ್ಲ," ಅಂದಳು. "ನಂಗೆ ಯಾಕೆ ಹೇಳ್ತಾನೆ?"

"ಹಾಗಿದ್ರೆ ಮುಗೀತು ಅವನ ಕಥೆ. ಅವನ ಕೆಲಸದ ಪಾಸ್ ಕಿತ್ಕೊಂಡಿದ್ದಾರಂತೆ. ನಾಳೆ ಬೆಳಿಗ್ಗೆ ಅವನ ಆಫೀಸಲ್ಲಿ ವಿಚಾರಣೆ, ನಾನೂ ಹೋಗ್ಬೇಕು. ಸಿಗ್ನಲ್ ಕೆಲಸದವನು ಗಡಿಯಲ್ಲೇ ಸಾಮಾನು ಮರೀತಾನೆ ಅಂದ್ರೆ ಯಾರು ಇಟ್ಕೋತಾರೆ? ಇವತ್ತು ಫ್ಲಾಸ್ಕು, ನಾಳೆ ರೈಲನ್ನೇ ಮರೀತಾನೆ."

ಎಲ್ಲರೂ ನಕ್ಕರು. ರೊಹಾಯು ಎಲ್ಲರಿಗಿಂತ ಒಂದು ಕ್ಷಣ ಹೆಚ್ಚೇ ನಕ್ಕಳು. ಸಲ್ಮಿಯಾ ಮಾತ್ರ ನಗಲಿಲ್ಲ. ಹೊರಗೆ ಬಂದ ಮೇಲೆ ಮೆಲ್ಲಗೆ ಅಂದಳು. "ಮರೆಯೋನಲ್ಲ ಕಣೇ ಅವನು. ಮೂರು ಬಸ್ ಬಿಟ್ಟು ಕಾಯೋನು ಏನನ್ನ ಮರೀತಾನೆ?"

"ನೀವೊಂದು ಸುಮ್ನಿರಿ ಕಾಕ್."

"ನಾನು ಸುಮ್ನಿರ್ತೀನಿ. ನೀನೂ ಸುಮ್ನಿರ್ತೀಯಾ ಅನ್ನೋದೇ ಪ್ರಶ್ನೆ."

ಮನೆಗೆ ಬಂದು ಊಟದ ತಟ್ಟೆ ಮುಂದೆ ಕೂತಳು. ಅಮ್ಮ ಬಡಿಸಿದ ಅನ್ನ ಕಲಸುತ್ತಲೇ ಇದ್ದಳು. ಸಿಟ್ಟು ಬಂತು. ಟೇಪ್ ಸುತ್ತುವ ಪೆದ್ದ. ಒಂದು ಪ್ಲಾಸ್ಟಿಕ್ ಡಬ್ಬಿ ಸಿಗಲಿಲ್ಲವಾ ಇವನಿಗೆ? ಒಂದು ಮಾತು ನೆಟ್ಟಗೆ ಹೇಳಲು ಬರಲಿಲ್ಲವಾ? ಹೇಳಿದ್ದ. ಅವಳೇ ಕೈ ಬೀಸಿದ್ದಳು. ಸಿಟ್ಟು ಸುತ್ತಿ ಸುತ್ತಿ ತನ್ನ ಮೇಲೇ ಬಂದು ಕೂತಾಗ ಅವಳು ತಟ್ಟೆ ಸರಿಸಿ ಎದ್ದಳು. ಅಷ್ಟು ಜನರ ಎದುರು 'ಮರೆತೆ' ಅಂತ ಪೆದ್ದನಾಗಿ ನಿಂತನಲ್ಲ, ಆ ಮುಖ ಕಣ್ಣು ಮುಚ್ಚಿದರೂ ಹೋಗಲಿಲ್ಲ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಬೆಳಿಗ್ಗೆ ಅವನ ಕೆಲಸ ಹೋದರೆ, ಸಂಜೆ ಆ ಹಳದಿ ಗೆರೆಯ ಹಿಂದೆ ಯಾರೂ ನಿಂತಿರುವುದಿಲ್ಲ.

*

ಹೊಸ ನಿಲ್ದಾಣದ ಕಟ್ಟಡದೊಳಗೆ ರೊಹಾಯು ಕಾಲಿಟ್ಟದ್ದು ಅದೇ ಮೊದಲು. ನೆಲ ಎಷ್ಟು ನುಣುಪು ಅಂದರೆ ಅವಳ ಡ್ಯೂಟಿ ಶೂ ಕಿರ್ ಕಿರ್ ಎಂದು ಚಾಡಿ ಹೇಳಿತು. ಮೂಲೆಯಲ್ಲಿ ಒಂದು ಗಿಡ. ಎಲೆ ಮುಟ್ಟಿ ನೋಡಿದಳು, ಪ್ಲಾಸ್ಟಿಕ್. ಅಂದುಕೊಂಡ ಹಾಗೇ ಇದೆ ಅಂತ ಸ್ವಲ್ಪ ಧೈರ್ಯ ಬಂತು.

"ನೀನ್ಯಾಕೆ ಬಂದೆ?" ಗುಣಶೇಖರನ್ ಬಾಗಿಲಲ್ಲೇ ಗಾಬರಿಯಾದ. "ನಿನ್ನ ಹೇಳಿಕೆ ನಾನೇ ಹೇಳ್ತೀನಲ್ಲ."

"ನಿನ್ನೆ ಹೇಳಿದ್ದು ಸುಳ್ಳು ಅಣ್ಣಾ. ನಿಜ ಹೇಳೋಕೆ ಬಂದೆ."

"ರೂಟ್ ಹೋಗುತ್ತಮ್ಮ! ಯೋಚನೆ ಮಾಡು!"

"ಮಾಡಿದ್ದೀನಿ. ರಾತ್ರಿಯೆಲ್ಲ ಅದೇ ಕೆಲಸ ಮಾಡಿದ್ದೀನಿ."

ಒಳಗೆ ಉದ್ದನೆ ಮೇಜು. ಆ ಕಡೆ ಕನ್ನಡಕ ಹಾಕಿದ, ನಗುವುದನ್ನು ರಜೆಗೆ ಕಳಿಸಿದ ಒಬ್ಬ ಹೆಂಗಸು, ರೈಲಿನವರ ಅಧಿಕಾರಿ. ಈ ಕಡೆ ಕುರ್ಚಿಯ ತುದಿಯಲ್ಲಿ ಬದ್ರುಲ್. ಕುತ್ತಿಗೆಯಲ್ಲಿ ಪಾಸಿನ ದಾರ ಇರಲಿಲ್ಲ. ಹೆಲ್ಮೆಟ್ಟೂ ಇಲ್ಲದೆ ಅವನ ಕೈಗಳಿಗೆ ಏನು ಮಾಡಬೇಕೋ ಗೊತ್ತಿರಲಿಲ್ಲ. ಅವಳನ್ನು ಕಂಡು ಕಣ್ಣಲ್ಲೇ ಬೇಡ ಬೇಡ ಅಂದ. ಅವಳು ಕಣ್ಣಲ್ಲೇ ಬಾಯಿ ಮುಚ್ಚು ಅಂದಳು.

"ಮೇಡಂ, ನಾನು ಆ ಬಸ್ಸಿನ ಕ್ಯಾಪ್ಟನ್. ಇವನು ಆ ಗಂಜಿ ಮರೆತಿಲ್ಲ. ಅದು ನಂದು."

"ನಿಮ್ಮದು ಅಂದ್ರೆ?"

"ನಂಗೆ ಅಂತ ತಂದಿದ್ದು. ಇಟ್ಟಿದ್ದೀನಿ ಅಂತ ಇಳಿಯೋವಾಗ ಹೇಳ್ದ. ನಾನು ಒಬ್ಬ ಮುದುಕರ ಜೊತೆ ಜಗಳ ಆಡ್ತಿದ್ದೆ, ಕಿವಿಗೆ ಹಾಕ್ಕೊಳ್ಳಲಿಲ್ಲ. ನಾನು ಕೇಳಿಸ್ಕೊಂಡಿದ್ರೆ ಯಾವ ಗಲಾಟೆನೂ ಆಗ್ತಿರಲಿಲ್ಲ. ಆಮೇಲೆ ನಮ್ಮ ಸೂಪರ್‌ವೈಸರ್ ಕೇಳ್ದಾಗ ಸುಳ್ಳು ಹೇಳ್ದೆ. ಯಾಕಂದ್ರೆ ನಾಚಿಕೆ ಆಯ್ತು. ಅಷ್ಟೇ."

ಅಧಿಕಾರಿ ಬದ್ರುಲ್ ಕಡೆ ತಿರುಗಿದರು. "ನಿಜಾನಾ?"

"ಅವರ ರೂಟ್ ಹೋಗುತ್ತೆ ಮೇಡಂ," ಅಂದ ಬದ್ರುಲ್. ಅದೇ ಉತ್ತರವಾಯಿತು.

"ನಿಮ್ಮಿಬ್ಬರ ನಡುವೆ ಏನು ಸಂಬಂಧ? ನಾನು ಕೇಳಲೇಬೇಕು."

ಎಸಿ ಗುಂಯ್ ಅನ್ನುತ್ತಿತ್ತು. ಗುಣಶೇಖರನ್ ಚಾವಣಿ ನೋಡತೊಡಗಿದ. ರೊಹಾಯುಗೆ ಕಿವಿಯ ತುದಿಯವರೆಗೆ ಬೆಂಕಿ ಹತ್ತಿದ ಹಾಗಾಯಿತು. ಈ ಸಲ ಎಸಿ ಕೆಟ್ಟಿದೆ ಅನ್ನುವ ಹಾಗಿರಲಿಲ್ಲ.

"ಸದ್ಯಕ್ಕೆ ಏನೂ ಇಲ್ಲ," ಅಂದಳು. "ಇವನು ಕೇಳಿದ್ರೆ ಇರುತ್ತೆ. ಬಾಯಿ ಬಿಟ್ಟು ಕೇಳೋ ಯೋಗ್ಯತೆ ಇಲ್ಲ ಇವನಿಗೆ. ಬಸ್ ಎಲ್ಲಿಗೆ ಹೋಗುತ್ತೆ ಅಂತ ಕೇಳ್ತಾನೆ, ರೈಲು ಐದು ನಿಮಿಷ ಅಂತಾನೆ, ಫ್ಲಾಸ್ಕಿಗೆ ಬಾಂಬ್ ತರ ಟೇಪ್ ಸುತ್ತಿ ಇಡ್ತಾನೆ. ನೆಟ್ಟಗೆ ಒಂದು ಮಾತು, ಉಹುಂ. ನಾನೇನು ಗೋಡೆ ಮೇಲೆ ಬರೆದು ಅಂಟಿಸ್ಬೇಕಾ, ಕೇಳಪ್ಪಾ ಅಂತ?"

ಕನ್ನಡಕದ ಹಿಂದೆ ಏನೋ ಅಲುಗಾಡಿತು. ರಜೆಯಲ್ಲಿದ್ದ ನಗು ಒಂದು ಗಳಿಗೆ ಡ್ಯೂಟಿಗೆ ಬಂದು ಹೋಯಿತು.

"ಎಲ್ಲರೂ ಹೊರಗೆ ಇರಿ," ಅಂದರು ಅಧಿಕಾರಿ.

*

ಬದ್ರುಲ್‌ಗೆ ಪಾಸ್ ವಾಪಸ್ ಸಿಕ್ಕಿತು, ಜೊತೆಗೆ ಅರ್ಧ ಗಂಟೆ ಬೈಗುಳ. ಟೇಪು ಇನ್ನು ಮೇಲೆ ತಂತಿಗೆ ಮಾತ್ರ ಸುತ್ತಬೇಕೆಂದು ಕಟ್ಟಪ್ಪಣೆ. ರೊಹಾಯು ಕೈಯಿಂದ ಸೇತುವೆಯ ರೂಟು ಹೋಯಿತು. ಗುಣಶೇಖರನ್ ಫೋನಿನಲ್ಲಿ ಮೇಲಿನವರ ಜೊತೆ ಮಾತಾಡಿ ಬಂದು, ಅವಳ ಮುಖ ನೋಡದೆ ಹೇಳಿದ. "ಸೋಮವಾರದಿಂದ ಒಳಗಿನ ರೂಟು. ಇಂಟರ್‌ಚೇಂಜಿಂದ ಹೊರಟು ಇಂಟರ್‌ಚೇಂಜಿಗೇ ಬರೋದು."

"ಅಂದ್ರೆ ದಿನವೆಲ್ಲ ಈ ಊರನ್ನೇ ಪ್ರದಕ್ಷಿಣೆ ಹಾಕ್ಬೇಕು ನಾನು."

"ಕೆಲಸ ಉಳೀತಲ್ಲಮ್ಮ." ಅವನು ಎರಡು ಹೆಜ್ಜೆ ಹೋಗಿ ತಿರುಗಿದ. "ಚೆನ್ನಾಗಿ ಹೇಳ್ದೆ ಒಳಗೆ. ನನ್ನ ಹೆಂಡತಿ ಹತ್ರ ಹೇಳಿದ್ರೆ ನಂಬಲ್ಲ."

ಅವನು ಹೋದ ಮೇಲೆ ಇಬ್ಬರೇ ಉಳಿದರು. ಗಾಜಿನ ಗೋಡೆಯ ಹೊರಗೆ ಬಸ್ಸುಗಳು ಸಾಲಾಗಿ ಸೇತುವೆಯ ಕಡೆ ಹೊರಟಿದ್ದವು. ರೊಹಾಯು ಅವುಗಳ ಬೆನ್ನು ನೋಡುತ್ತಾ ನಿಂತಳು. ಆ ಹೊಗೆ, ಆ ಜಾಮು, ಆ ಸೂಟ್‌ಕೇಸುಗಳು. ಇಷ್ಟು ತಿರಸ್ಕಾರ ಮಾಡಿದ್ದನ್ನು ಇಷ್ಟು ಪ್ರೀತಿಸಿದ್ದೆ ಅಂತ ಅವಳಿಗೇ ಗೊತ್ತಿರಲಿಲ್ಲ.

"ನನ್ನಿಂದ ಹೋಯ್ತು," ಬದ್ರುಲ್ ಅಂದ. ಧ್ವನಿಯಲ್ಲಿ ಬೆಲ್ಲವಿರಲಿಲ್ಲ.

"ನಿಮ್ಮಿಂದ ಅಲ್ಲ. ಇಲ್ಲ ಅಂದಿದ್ದು ನಾನು." ಕಣ್ಣೊರೆಸಿಕೊಂಡಳು. "ಅಷ್ಟು ಮಹತ್ವ ಕೊಟ್ಕೋಬೇಡಿ ನಿಮಗೆ ನೀವೇ."

"ಒಳಗೆ 'ಇವನು' ಅಂತಿದ್ರಿ, ಈಗ 'ನೀವು'."

"ಅಧಿಕಾರಿ ಮುಂದೆ ಧೈರ್ಯ ಇತ್ತು. ಈಗ ಇಲ್ಲ."

ಅವನು ಒಂದು ಹೆಜ್ಜೆ ಹತ್ತಿರ ಬಂದ. ಇಷ್ಟು ದಿನ ಇವನ ಮುಖವನ್ನು ಅವಳು ಹೆಚ್ಚಾಗಿ ಕನ್ನಡಿಯಲ್ಲೇ ನೋಡಿದ್ದಳು, ಎಡ ಬಲ ಅದಲು ಬದಲಾಗಿ. ಎಡ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಅಂದುಕೊಂಡಿದ್ದಳು. ಬಲ ಕೆನ್ನೆಯಲ್ಲಿ ಬೀಳುತ್ತಿತ್ತು. ಅಷ್ಟಕ್ಕೇ ಅವಳ ಎದೆ ಹುಚ್ಚುಹುಚ್ಚಾಗಿ ಹೊಡೆದುಕೊಂಡಿತು.

"ರೊಹಾಯು," ಅವನು ಶುರು ಮಾಡಿದ. "ನಾನು... ಅಂದ್ರೆ ಈ ರೈಲು ಶುರುವಾದ ಮೇಲೆ..."

"ಮತ್ತೆ ರೈಲು!"

"ಅಲ್ಲ, ಕೇಳು. ರೈಲಿನ ಕೆಲಸಕ್ಕೆ ಅಂತ ಬಂದಾಗಿಂದ ಅದು ಬೇಗ ಶುರುವಾಗಲಿ ಅಂತಿದ್ದೆ. ನಿನ್ನ ನೋಡಿದ ಮೇಲೆ ದಿನಾ ಪ್ರಾರ್ಥನೆ ಮಾಡ್ತಿದ್ದೆ, ತಡವಾಗಲಿ ಅಂತ. ಯಾಕಂದ್ರೆ ಐದು ನಿಮಿಷದಲ್ಲಿ ದಾಟಿಬಿಟ್ರೆ ನಿನ್ನ ಹತ್ರ ಬೈಸ್ಕೊಳ್ಳೋಕೆ ಟೈಮ್ ಎಲ್ಲಿರುತ್ತೆ?"

ಅವಳು ಡ್ಯೂಟಿ ಶೂವಿನ ತುದಿ ನೋಡಿಕೊಂಡಳು.

"ಹಾಗಾದ್ರೆ ಕೇಳು," ಮೆಲ್ಲಗೆ ಅಂದಳು.

"ಕೇಳ್ತೀನಿ. ಆದರೆ ಪದ್ಧತಿ ಇದೆಯಲ್ಲ. ಹಬ್ಬ ಮುಗಿದ ಮೇಲೆ ನಮ್ಮ ಹಿರಿಯರು ನಿಮ್ಮ ಮನೆಗೆ ಬಂದು ಕೇಳ್ಬೇಕು. ದೊಡ್ಡಪ್ಪ ಬರ್ಬೇಕು, ಅತ್ತೆ ಬರ್ಬೇಕು. ಅಮ್ಮನಿಗೆ ಮೊದಲು ಹೇಳ್ಬೇಕು. ಹೇಗೆ ಹೇಳೋದು ಅಂತ ಯೋಚನೆ ಮಾಡ್ತೀನಿ, ಒಂದೆರಡು ವಾರ..."

"ಇವನ ಯೋಚನೆ!" ರೊಹಾಯು ಕೈ ಚಾಚಿದಳು. "ಫೋನ್ ಕೊಡು. ಅಮ್ಮನ ನಂಬರ್ ಒತ್ತು."

"ಈಗ್ಲಾ? ಇಲ್ಲೇನಾ?"

"ಒತ್ತು ಅಂದೆ."

ಅವನು ಒತ್ತಿದ. ಆ ಕಡೆ ಒಂದು ಹಳೆಯ, ಬೆಚ್ಚನೆಯ ಧ್ವನಿ ಹಲೋ ಅಂದಿತು. ರೊಹಾಯು ಫೋನ್ ಕಿತ್ತುಕೊಂಡು, ತಲೆ ಮೇಲಿನ ತುಡುಂಗ್ ಬಟ್ಟೆಯನ್ನು ಯಾಕೋ ಸರಿ ಮಾಡಿಕೊಂಡಳು. ಮುದುಕರಿಗೆ, ಮಂತ್ರಿಗಳಿಗೆ, ಬಾಗಿಲಿಗೆ ಸಿಕ್ಕವರಿಗೆ ಬೈಯುತ್ತಿದ್ದ ಅದೇ ಗಂಟಲಿನಿಂದ ತೀರಾ ಸಣ್ಣ ಧ್ವನಿ ಬಂತು.

"ಅಸ್ಸಲಾಮು ಅಲೈಕುಂ ಅಮ್ಮ. ನಾನು ವುಡ್‌ಲ್ಯಾಂಡ್ಸ್‌ನಿಂದ ರೊಹಾಯು ಅಂತ. ನಿಮ್ಮ ಮಗನ ವಿಷಯ."

"ಅಯ್ಯೋ, ಏನು ಮಾಡ್ದನಮ್ಮ ಮತ್ತೆ?"

"ಏನೂ ಮಾಡಲ್ಲ ಅಮ್ಮ, ಅದೇ ಕಷ್ಟ. ಹಿರಿಯರು ಬಂದು ಕೇಳ್ಬೇಕಂತೆ, ಪದ್ಧತಿಯಂತೆ. ಅವರೆಲ್ಲ ಹೊರಟು, ಸೇತುವೆ ದಾಟಿ, ನಮ್ಮ ಮನೆ ಹುಡುಕೋ ಹೊತ್ತಿಗೆ ನಾವಿಬ್ರೂ ಮುದುಕರಾಗ್ತೀವಿ. ಅದಕ್ಕೆ ನಾನೇ ಕೇಳ್ತಿದ್ದೀನಿ. ನಿಮ್ಮ ಮಗ ಸ್ವಲ್ಪ ಪೆದ್ದ. ಆದರೂ ಪರವಾಗಿಲ್ಲ. ನಂಗೆ ಕೊಡ್ತೀರಾ?"

ಬದ್ರುಲ್ ಉಸಿರು ಬಿಗಿಹಿಡಿದು ಗಾಜಿಗೆ ಒರಗಿದ. ರೊಹಾಯು ಕಣ್ಣು ಮುಚ್ಚಿಕೊಂಡಳು.

ಆಮೇಲೆ ಫೋನಿನಲ್ಲಿ ಪಾತ್ರೆ ಇಟ್ಟ ಸದ್ದು, ಕುರ್ಚಿ ಎಳೆದ ಸದ್ದು, ಮೂಗು ಸೊರ್ ಅಂದ ಸದ್ದು.

"ತಗೊಂಡು ಹೋಗಮ್ಮ," ಮುದುಕಿ ನಗುತ್ತಲೋ ಅಳುತ್ತಲೋ ಹೇಳಿದಳು. "ಆದರೆ ಒಂದು ಮಾತು. ವಾಪಸ್ ಮಾತ್ರ ಕಳಿಸ್ಬೇಡ."